ನಾಲ್ಕೂ ಕಾರ್ಡು ಸವೆಸಿದ ಪ್ರಶ್ನೆಯಕ್ಕ

ಬೆಳಗಿನ ಐದೂಮುಕ್ಕಾಲು. ಗುಡ್ಡದ ಮೇಲಿನ ತಗಡಿನ ಮನೆಗಳಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತಿವೆ. ಕೆಳಗಡೆ ನಲ್ಲಿಯ ಹತ್ತಿರ ಕೊಡಗಳ ಸಾಲು, ಆ ಸಾಲಿಗಿಂತ ಉದ್ದದ ಜಗಳ. ಪಕ್ಕದ ಕಟ್ಟೆಯ ಮೇಲೆ ನಲವತ್ತೇಳರ ಹೆಂಗಸೊಬ್ಬರು ನಾಲ್ಕು ರಟ್ಟಿನ ಕಾರ್ಡುಗಳನ್ನು ಇಸ್ಪೀಟಿನ ಎಲೆಯಂತೆ ಕಲೆಸುತ್ತಾ ಕೂತಿದ್ದಾರೆ.

"ಏನಕ್ಕಾ, ಬೆಳಗ್ಗೆ ಬೆಳಗ್ಗೇನೇ ಇಸ್ಪೀಟಾ?" ನೀರಿಗೆ ನಿಂತವಳೊಬ್ಬಳು ಕೆಣಕುತ್ತಾಳೆ.

"ಹೂಂ ಕಣೇ. ಗೆದ್ರೆ ನಿನ್ನ ಮಗನ ಹತ್ರ ಓದಿಸ್ತೀನಿ, ಸೋತ್ರೆ ನಿನ್ನ ಹತ್ರಾನೇ ಓದಿಸ್ತೀನಿ."

ಜಗಳ ಬಿಟ್ಟು ಸಾಲಿಗೆ ಸಾಲೇ ನಗುತ್ತದೆ. ಇಲ್ಲಿ ಇವರನ್ನು ಎಲ್ಲರೂ ಕರೆಯುವುದು ಪ್ರಶ್ನೆಯಕ್ಕ ಎಂದು. ಮಕ್ಕಳ ಓದು, ಆರೋಗ್ಯ, ಮನೆಯ ಸ್ಥಿತಿಗತಿಯನ್ನು ಅಧ್ಯಯನ ಮಾಡುವ ಸಂಶೋಧನಾ ಸಂಸ್ಥೆಯೊಂದಕ್ಕೆ ಮನೆ ಮನೆ ಸುತ್ತಿ ಮಾಹಿತಿ ತರುವುದು ಅವರ ಕೆಲಸ. ಹದಿನೆಂಟು ವರ್ಷದಿಂದ ಇದೇ ಗುಡ್ಡ, ಇವೇ ಇನ್ನೂರ ಹನ್ನೆರಡು ಮೆಟ್ಟಿಲು. ಹೆಗಲ ಚೀಲದಲ್ಲಿ ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಫಾರಂಗಳ ಕಟ್ಟು ಮತ್ತು ಆ ನಾಲ್ಕು ಕಾರ್ಡು. ಚೀಲವನ್ನೇ ಆ ಯಂತ್ರದ ಮೇಲಿಟ್ಟು ತೂಗಿದ್ದಾರಂತೆ: ಒಂಬತ್ತು ಕಿಲೋ.

ಒಂದೊಂದು ಕಾರ್ಡಿನಲ್ಲೂ ಎರಡನೇ ತರಗತಿಯ ಮಟ್ಟದ, ಆರು ಸಾಲಿನ ಒಂದೊಂದು ಕಥೆ. ಆರರಿಂದ ಹದಿನಾಲ್ಕರ ಒಳಗಿನ ಮಗು ಅದನ್ನು ಓದಿದರೆ ಫಾರಂನಲ್ಲಿ ಒಂದು ಗುರುತು, ಓದದಿದ್ದರೆ ಇನ್ನೊಂದು. ವರ್ಷಕ್ಕೊಂದು ಸುತ್ತು, ಸುತ್ತಿಗೆ ಎರಡು ತಿಂಗಳು, ಮುನ್ನೂರಿಪ್ಪತ್ತು ಮಕ್ಕಳು. ಅಪ್ಪ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ಸಿಗಬೇಕಾದ್ದರಿಂದ ದಿನ ಶುರುವಾಗುವುದೇ ಕೋಳಿ ಕೂಗುವ ಹೊತ್ತಿಗೆ. ಬಾಗಿಲು ಹಾಕಿದ್ದರೆ ಮೂರು ಸಲ ಹೋಗಿ 'ಸಿಗಲಿಲ್ಲ' ಎಂದು ಬರೆಯಬಹುದು ಅನ್ನುತ್ತದೆ ನಿಯಮ. ಪ್ರಶ್ನೆಯಕ್ಕ ಐದು ಸಲ ಹೋಗುತ್ತಾರೆ.

"ಮನೇಲಿ ನೀರು ಎಲ್ಲಿಂದ ಬರುತ್ತೆ, ಯಾರಿಗೆ ಜ್ವರ ಬಂತು, ಎಷ್ಟು ಸಲ ಊಟ, ಎಲ್ಲಾ ಕೇಳ್ಬೇಕು. ನನ್ನ ಮನೆಗೆ ಯಾರಾದ್ರೂ ಬಂದು ಹೀಗೆ ಕೇಳಿದ್ರೆ ನಾನು ಬಾಗಿಲು ಹಾಕ್ಕೋತಿದ್ದೆ," ಎಂದು ನಗುತ್ತಾರೆ. "ಪಾಪ, ಇವರು ಕೂರಿಸಿ ಚಹಾ ಕೊಟ್ಟು ಹೇಳ್ತಾರೆ. ಅಂಥವರು ಹೇಳಿದ್ದನ್ನ ನಾನು ಸುಳ್ಳು ಬರೆದ್ರೆ ಆಗುತ್ತಾ?"

ಆ ಮಾತಿಗೆ ಒಂದು ಹಿನ್ನೆಲೆಯಿದೆ. ಎರಡು ವರ್ಷದ ಹಿಂದೆ, ಹೊಸ ಕಾರ್ಡುಗಳು ಬಂದ ಸುತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಾಯಿಯೊಬ್ಬಳ ಮನೆ. ಐದನೇ ತರಗತಿಯ ಮಗಳು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ನೆಟ್ಟಗೆ ನಿಂತಿದ್ದಾಳೆ. ಒಂದು ಕೈಯಲ್ಲಿ ತೂಕದ ಯಂತ್ರ ಹಿಡಿದಿದ್ದ ಪ್ರಶ್ನೆಯಕ್ಕ ಇನ್ನೊಂದು ಕೈಯಿಂದ ಮೇಲಿದ್ದ ಮೊದಲನೇ ಕಾರ್ಡು ಕೊಟ್ಟರು. ಹೊಳೆ ದಾಟಿದ ಮೇಕೆಯ ಕಥೆ ಅದು. ಹುಡುಗಿ ಪಟಪಟನೆ ಒಪ್ಪಿಸಿದಳು, ಒಂದು ಕಡೆಯೂ ಎಡವಲಿಲ್ಲ. ತಾಯಿಯ ಮುಖ ಊರಗಲ ಆಯಿತು. ಪ್ರಶ್ನೆಯಕ್ಕ ಕಾರ್ಡು ವಾಪಸು ತೆಗೆದುಕೊಳ್ಳಲು ಕೈಚಾಚಿದಾಗಲೇ ಗೊತ್ತಾದದ್ದು, ಅದನ್ನು ತಾವು ತಲೆಕೆಳಗಾಗಿ ಕೊಟ್ಟಿದ್ದೆವೆಂದು. ಹುಡುಗಿ ಅದನ್ನು ತಿರುಗಿಸಿಯೇ ಇರಲಿಲ್ಲ.

"ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಅಂತಾರಲ್ಲ, ನಾನೂ ಚಿಕ್ಕವಳಿದ್ದಾಗ ಹೀಗೇ ಓದ್ತಿದ್ದೆ."

ಅವರ ಅಮ್ಮ ಕಟ್ಟಡದ ಕೆಲಸಕ್ಕೆ ಊರೂರು ಅಲೆಯುತ್ತಿದ್ದವರು. ಮಗಳಿಗೆ ಐದು ವರ್ಷದಲ್ಲಿ ಆರು ಶಾಲೆ. ಪಕ್ಕದವರು ಓದುವುದನ್ನು ಕಿವಿಯಲ್ಲಿ ಹಿಡಿದು ಒಪ್ಪಿಸುವುದರಲ್ಲಿ ಎತ್ತಿದ ಕೈ. ಜಾಣೆ ಎಂಬ ಹೆಸರೂ ಬಂದಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಅಮ್ಮನಿಗೆ ಜ್ವರ ಬಂತು. ಔಷಧಿ ಬಾಟಲಿಯ ಚೀಟಿ ಓದಮ್ಮ ಎಂದು ಕೊಟ್ಟಾಗ ಜಾಣೆಗೆ 'ಬರಲ್ಲ' ಎನ್ನಲು ನಾಚಿಕೆ. ಎರಡು ಚಮಚ ಎಂದುಬಿಟ್ಟಳು. ಬರೆದಿದ್ದದ್ದು ಅರ್ಧ ಚಮಚ. ಅಮ್ಮ ಎರಡು ದಿನ ಮೇಲೇಳಲಿಲ್ಲ.

"ಅಮ್ಮ ಉಳ್ಕೊಂಡ್ರು, ನನ್ನ ಪುಣ್ಯ. ಆಮೇಲೆ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಬಾಟಲಿ ಚೀಟಿ, ಸಿಕ್ಕಿದ್ದೆಲ್ಲಾ ಓದಿ ಓದಿ ಕಲಿತೆ."

ಅದಕ್ಕೇ ಅವತ್ತು ಇಸ್ತ್ರಿಯವಳ ಮಗಳ ಕೈಗೆ ಅವರು ನಾಲ್ಕನೇ ಕಾರ್ಡು ಕೊಟ್ಟರು. ದರ್ಜಿಯೊಬ್ಬ ಕಳೆದುಕೊಂಡ ಗುಂಡಿಯ ಕಥೆ. ಹುಡುಗಿ ಬಿಡಿ ಅಕ್ಷರಗಳನ್ನಷ್ಟೇ ಗುರುತಿಸಿದಳು, ಕೂಡಿಸಿ ಓದಲಾಗಲಿಲ್ಲ. "ಈಗ ತಾನೇ ಓದಿದ್ಲಲ್ಲಾ! ಹೆದರಿಸ್ತೀರೇನು ಮಗೂನ?" ಎಂದು ತಾಯಿ ಸಿಟ್ಟಾದಳು. ಪ್ರಶ್ನೆಯಕ್ಕ ಬೈಸಿಕೊಂಡರು, ಆದರೆ ಬರೆಯಬೇಕಾದ್ದನ್ನೇ ಬರೆದರು: ಅಕ್ಷರ ಗುರುತಿಸುತ್ತಾಳೆ, ಓದಲಾರಳು.

ವಿಷಯ ಇಷ್ಟೇ. ಸಮೀಕ್ಷೆಯವರ ಮುಂದೆ ಮಕ್ಕಳಿಗೆ ಅವಮಾನವಾಗಬಾರದೆಂದು ಯಾರೋ ಉತ್ಸಾಹಿ ಮೇಷ್ಟರು ಮೊದಲು ಓದಿದ ಮಕ್ಕಳಿಂದ ಮೇಕೆಯ ಕಥೆಯನ್ನು ಕೇಳಿಕೊಂಡು ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದರು; ಅದು ಸುತ್ತಲ ಶಾಲೆಗಳಿಗೂ ಹಬ್ಬಿತ್ತು. ಕಾರ್ಯಕರ್ತರು ನಾಲ್ಕರಲ್ಲಿ ಯಾವ ಕಾರ್ಡನ್ನಾದರೂ ಕೊಡಬಹುದಿತ್ತು; ಕೈಗೆ ಸಿಗುವುದು ಮೇಲಿನದೇ ತಾನೇ, ಎಲ್ಲರೂ ಅದನ್ನೇ ಕೊಡುತ್ತಿದ್ದರು. ಪ್ರಶ್ನೆಯಕ್ಕ ಅಂದಿನಿಂದ ಕಾರ್ಡು ಕಲೆಸಿ, ಮಗುವಿನ ಕೈಯಿಂದಲೇ ಒಂದನ್ನು ತೆಗೆಸತೊಡಗಿದರು. ಅಷ್ಟರಲ್ಲಾಗಲೇ ಮುಗಿಸಿದ್ದ ಇಪ್ಪತ್ತಾರು ಮನೆಗಳಿಗೂ ಮತ್ತೆ ಹೋದರು.

ಸುತ್ತು ಮುಗಿದಾಗ ಜೊತೆಯ ಎಂಟು ಕಾರ್ಯಕರ್ತೆಯರ ಫಾರಂಗಳಲ್ಲಿ ನೂರಕ್ಕೆ ಎಪ್ಪತ್ತೆರಡು ಮಕ್ಕಳು ಓದಬಲ್ಲವರು. ಪ್ರಶ್ನೆಯಕ್ಕನ ಫಾರಂಗಳಲ್ಲಿ ಮೂವತ್ತೊಂದು. ಮೇಲ್ವಿಚಾರಕರು ಕರೆದು ಕೇಳಿದ ಮಾತು ಅವರಿಗೆ ಇವತ್ತಿಗೂ ಬಾಯಿಪಾಠ: "ನಿಜ ಹೇಳಿ, ಮನೆಗೆ ಹೋಗಿದ್ರೋ, ಕೂತಲ್ಲೇ ತುಂಬಿಸಿದ್ರೋ?"

ಈ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವರು ಕಾರಣ ವಿವರಿಸಿದರು. ಮೇಲ್ವಿಚಾರಕರು ಪೂರ್ತಿ ಕೇಳುವ ತಾಳ್ಮೆ ತೋರಲಿಲ್ಲ. ಎಲ್ಲರ ಹಾಗೆ ಮೊದಲನೇ ಕಾರ್ಡಿನಲ್ಲೇ ಇನ್ನೊಮ್ಮೆ ಮಾಡಿ ಕೊಟ್ಟರೆ ಇಲ್ಲಿಗೇ ಬಿಡುತ್ತೇನೆ ಎಂದರು. "ಊರಿಗೊಂದು ದಾರಿಯಾದ್ರೆ ಎಡವಟ್ಟಂಗೊಂದು ದಾರಿ," ಎಂದು ಜೊತೆಯವರೂ ಗೊಣಗಿದರು. ಪ್ರಶ್ನೆಯಕ್ಕ ಒಪ್ಪಲಿಲ್ಲ. ಮೇಲ್ವಿಚಾರಕರು ಚೀಲ ಕಸಿದುಕೊಂಡು ಅವರನ್ನು ಮನೆಗೆ ಕಳಿಸಿದರು.

ಹನ್ನೊಂದು ದಿನ ಮನೆಯಲ್ಲಿ. ಕೆಲಸ ಹೋದರೆ ಹೋಗಲಿ, ಹದಿನಾರು ವರ್ಷ ಬರೆದ ಒಂದೊಂದು ಫಾರಮ್ಮೂ ಸುಳ್ಳು ಎಂದಾಗುತ್ತದಲ್ಲ ಎಂದು ಅತ್ತರು. ಆಗ ಬೆನ್ನಿಗೆ ನಿಂತದ್ದು ಅತ್ತೆ. ಆ ಮುದುಕಿಯನ್ನು ಈಗ ಮಾತಾಡಿಸಿದರೂ ಹೇಳುವುದು ಇದನ್ನೇ: "ಅಡುಗೆಗೆ ಉಪ್ಪು ಹೆಚ್ಚಾದ್ರೆ ಅತ್ತೆ ಅಂತಾನೂ ನೋಡ್ದೆ ಮುಖದ ಮೇಲೇ ಹೇಳ್ತಾಳೆ. ಅವಳಿಗೆ ಸುಳ್ಳು ಹೇಳೋಕೆ ಬಂದಿದ್ರೆ ನಾನು ಇಷ್ಟು ವರ್ಷ ಸುಖವಾಗಿರ್ತಿದ್ದೆ!"

ಹನ್ನೆರಡನೇ ದಿನ ಕೇಂದ್ರ ಕಚೇರಿಯಿಂದ ತಪಾಸಣೆಗೆ ಒಬ್ಬರು ಬಂದರು. ನರೆತ ಕೂದಲಿನ, ಮಿತ ಮಾತಿನ ಹೆಂಗಸು. ಪ್ರಶ್ನೆಯಕ್ಕನನ್ನೂ ಕರೆಸಿದರು. ಫಾರಂ ನೋಡಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂಬತ್ತೂ ಕಾರ್ಯಕರ್ತೆಯರ ಚೀಲಗಳಿಂದ ಕಾರ್ಡುಗಳನ್ನು ತೆಗೆಸಿ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಎಂಟು ಜನರ ಮೊದಲನೇ ಕಾರ್ಡು ಬೆರಳಿನ ಜಿಡ್ಡು, ಚಹಾದ ಕಲೆ ಹಿಡಿದು ಮಾಸಿತ್ತು. ಉಳಿದ ಮೂರು ಅಚ್ಚಿನ ಮನೆಯಿಂದ ಈಗಷ್ಟೇ ಬಂದಂತಿದ್ದವು. ಒಬ್ಬರದಂತೂ ಪ್ಲಾಸ್ಟಿಕ್ ಕವರಿನಿಂದಲೇ ಹೊರಬಂದಿರಲಿಲ್ಲ. ಪ್ರಶ್ನೆಯಕ್ಕನ ನಾಲ್ಕೂ ಕಾರ್ಡು ಒಂದೇ ಸಮ ಸವೆದಿದ್ದವು.

"ಇವುಗಳನ್ನ ತಗೊಂಡು ಇವರ ಜೊತೆ ನಾನು ಗುಡ್ಡ ಹತ್ತುತ್ತೀನಿ," ಎಂದರಂತೆ ತಪಾಸಣೆಯವರು. ನಲವತ್ತು ಮಕ್ಕಳನ್ನು ಮತ್ತೆ ಓದಿಸಿದರು. ಮೂವತ್ತೆಂಟು ಮಕ್ಕಳದು ಪ್ರಶ್ನೆಯಕ್ಕ ಬರೆದದ್ದೇ ಸರಿ. ಮೇಲ್ವಿಚಾರಕರು ಎಲ್ಲರ ಎದುರಿಗೇ ಕ್ಷಮೆ ಕೇಳಿ ಚೀಲ ವಾಪಸು ಕೊಟ್ಟರು. ಇಡೀ ಸುತ್ತನ್ನು ಹೊಸದಾಗಿ ಮಾಡಿದಾಗ ಎಪ್ಪತ್ತೆರಡು ಇದ್ದದ್ದು ಮೂವತ್ತಾರಕ್ಕಿಳಿಯಿತು. ಆ ಅಂಕಿ ಕಂಡು ಗಾಬರಿಯಾದ ಶಿಕ್ಷಣ ಇಲಾಖೆ ಗುಡ್ಡದ ಶಾಲೆಯಲ್ಲಿ ದಿನಕ್ಕೊಂದು ಗಂಟೆಯ ಓದಿನ ತರಗತಿ ಶುರುಮಾಡಿತು. ಬಾಯಿಪಾಠಕ್ಕೆ ಸಿಕ್ಕಿದ್ದ ಮೊದಲನೇ ಕಾರ್ಡು ಬದಲಾಯಿತು. ಕಾರ್ಡು ಕಲೆಸಿ ಮಗುವಿನ ಕೈಯಿಂದಲೇ ತೆಗೆಸಬೇಕು ಎಂಬುದು ಈಗ ಸಂಸ್ಥೆಯ ಕೈಪಿಡಿಯಲ್ಲಿ ಹದಿನೇಳನೇ ನಿಯಮ. ಇನ್ನೂರ ಹದಿನಾಲ್ಕು ಕಾರ್ಯಕರ್ತರು ಅದನ್ನು ಪಾಲಿಸುತ್ತಾರೆ. ಅದು ಎಲ್ಲಿಂದ ಬಂತೆಂದು ಕೈಪಿಡಿ ಹೇಳುವುದಿಲ್ಲ.

ಇವತ್ತು ಬೆಳಿಗ್ಗೆ ಆರೂಕಾಲಿಗೆ ಪ್ರಶ್ನೆಯಕ್ಕ ಇಸ್ತ್ರಿಯವಳ ಮನೆಯ ಹೊಸ್ತಿಲಲ್ಲಿದ್ದಾರೆ. ಆ ಹುಡುಗಿಗೆ ಈಗ ಹನ್ನೆರಡು. ತೂಕ ಮೂವತ್ತೊಂದು ಕಿಲೋ. ಕಲೆಸಿದ ಕಾರ್ಡುಗಳಲ್ಲಿ ಅವಳು ಎಳೆದದ್ದು ದರ್ಜಿಯ ಗುಂಡಿಯ ಕಥೆ. ತಾಯಿ ಸೆರಗಿನ ತುದಿ ಕಚ್ಚಿ ನಿಂತಿದ್ದಾಳೆ. ಹುಡುಗಿ ಕಾರ್ಡನ್ನು ಸರಿಯಾಗಿ ತಿರುಗಿಸಿ ಹಿಡಿದು, ಬೆರಳಿಟ್ಟು, ನಿಧಾನವಾಗಿ ಓದುತ್ತಾಳೆ. ಎರಡನೇ ಸಾಲಿನಲ್ಲಿ ಎಡವುತ್ತಾಳೆ, ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತಾಳೆ. ಐದನೇ ಸಾಲಿನ ಕೊನೆಗೆ ಬಂದು ಗಕ್ಕನೆ ನಿಲ್ಲುತ್ತಾಳೆ.

"ಯಾಕಮ್ಮಾ, ನಿಲ್ಲಿಸ್ದೆ?"

"ಇಲ್ಲಿ ಅಕ್ಷರಾನೇ ಅಳಿಸಿಹೋಗಿದೆಯಲ್ಲಕ್ಕಾ. ಇಲ್ಲದೇ ಇರೋದನ್ನ ಹೇಗೆ ಓದ್ಲಿ?"

ಮಕ್ಕಳ ಹೆಬ್ಬೆರಳು ಕೂರುವ ಜಾಗ ಅದು. ಪ್ರಶ್ನೆಯಕ್ಕ ಫಾರಂನಲ್ಲಿ 'ಓದಬಲ್ಲಳು' ಎಂದು ಗುರುತು ಹಾಕುತ್ತಾರೆ. ಅವರ ಕಣ್ಣು ತುಂಬಿದೆ, ಅದನ್ನು ಮರೆಮಾಚುವ ಗೋಜಿಗೂ ಹೋಗುವುದಿಲ್ಲ.

ಮೆಟ್ಟಿಲಿಳಿಯುವಾಗ, ಪತ್ರಿಕೆಯಲ್ಲಿ ಹೆಸರು ಹಾಕೋಣವೇ ಎಂದು ಕೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಹೆಸರು ಬೇಡ. ಬರೆಯೋದೇ ಆದ್ರೆ ಆಫೀಸಿನವರಿಗೆ ಕಾಣೋ ಹಾಗೆ ಒಂದು ಮಾತು ಬರೀರಿ. ನನಗೊಂದು ಹೊಸ ನಾಲ್ಕನೇ ಕಾರ್ಡು ಬೇಕು. ಈಗ ಮಕ್ಕಳು ಕಾರ್ಡು ನೋಡ್ಕೊಂಡು ಓದ್ತಾರೆ."