ಒಂದು ಬೈಗುಳ, ಒಂದು ಉಸಿರು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ಜೋಯಿಡಾ ತಾಲ್ಲೂಕಿನಲ್ಲಿ ಒಂದು ಆಂಬುಲೆನ್ಸಿನ ತುರ್ತು ಚಿಕಿತ್ಸಾ ಸಿಬ್ಬಂದಿಯಾಗಿದ್ದೆ. ಧಾರವಾಡದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅದು ನನ್ನ ಮೂರನೆಯ ವರ್ಷ. ಗಾಡಿಗೆ ನಾವು ಇಬ್ಬರೇ: ನಾನು, ಮತ್ತು ಚಾಲಕ ದಾವಲಸಾಬ. ದಾಂಡೇಲಿಯವರು, ಹದಿನೆಂಟು ವರ್ಷ ಕಟ್ಟಿಗೆ ಲಾರಿ ಓಡಿಸಿ ಆಂಬುಲೆನ್ಸಿಗೆ ಬಂದವರು. ನಾನು ಅವರನ್ನು ದಾವಲಣ್ಣ ಎನ್ನುತ್ತಿದ್ದೆ. ಅವರಿಗೆ ನಾನು ಸಿಸ್ಟರ್. ಸಿಟ್ಟು ಬಂದ ದಿನ ಸಿಸ್ಟರಬಾಯಿ.

ಈಸ್ಟರ್ ಭಾನುವಾರಕ್ಕೆ ರಜೆ ಸಿಕ್ಕಿತ್ತು. ಅದಕ್ಕೆ ಪ್ರತಿಯಾಗಿ ಶನಿವಾರದ ಬೆಳಗಿನ ಪಾಳಿ ನನ್ನ ಪಾಲಿಗೆ ಬಂದಿತ್ತು. ಗುಡ್ ಫ್ರೈಡೆಗೂ ಈಸ್ಟರಿಗೂ ನಡುವಿನ ಆ ಶನಿವಾರ ನಮ್ಮ ಪ್ರೊಟೆಸ್ಟೆಂಟ್ ಮನೆಯಲ್ಲಿ ಯಾವತ್ತೂ ಲೆಕ್ಕಕ್ಕಿಲ್ಲದ ದಿನ. ಶುಕ್ರವಾರ ಶಿಲುಬೆಯ ಪ್ರಸಂಗ, ಭಾನುವಾರ ಬರಿದಾದ ಸಮಾಧಿಯ ಪ್ರಸಂಗ. ಶನಿವಾರ ಅವ್ವ ಮನೆ ತೊಳೆದು ಕೇಕಿಗೆ ಮೊಟ್ಟೆ ಒಡೆಯುತ್ತಿದ್ದಳು, ಅಷ್ಟೇ. ಸಂಜೆಯ ಬಸ್ಸಿಗೆ ಧಾರವಾಡದ ಮನೆ ಸೇರುವ ಯೋಚನೆಯಲ್ಲೇ ನಾನು ಗಾಡಿಯ ಆಮ್ಲಜನಕದ ಸಿಲಿಂಡರು ಪರೀಕ್ಷಿಸುತ್ತಿದ್ದೆ.

ಆರು ಗಂಟೆ ನಲವತ್ತು ನಿಮಿಷಕ್ಕೆ ಕರೆ ಬಂತು. ಐವತ್ತು ವರ್ಷದ ಗಂಡಸು, ಹೊಟ್ಟೆನೋವು, ಕಣ್ಣು ಬಿಡಲು ಆಗುತ್ತಿಲ್ಲ. ಕ್ಯಾಥೊಲಿಕರ ಹಳ್ಳಿ, ನಲವತ್ತು ದಿನದ ತಪಸ್ಸು ಕಾಲದ ಕೊನೆ. ಉಪವಾಸದ ಗ್ಯಾಸ್ ಇರಬೇಕು ಎಂದುಕೊಂಡೆ. ದಾವಲಣ್ಣ ಅದನ್ನು ಒಪ್ಪಲಿಲ್ಲ. "ಗ್ಯಾಸಿಗೆ ಕಣ್ಣು ಯಾಕ ಮುಚ್ಚತಾವ್ರಿ ಸಿಸ್ಟರ್?" ಎಂದರು. ಡಾಂಬರು ಮುಗಿದ ಮೇಲಿನ ನಾಲ್ಕು ಕಿಲೋಮೀಟರು ಕಾಡಿನ ಹಾದಿಯಲ್ಲಿ ತಲೆ ಗಾಡಿಯ ತಗಡಿಗೆ ಬಡಿಯದಂತೆ ನೋಡಿಕೊಳ್ಳುವುದೇ ಕೆಲಸವಾಗಿತ್ತು.

ಏಳು ಐವತ್ತಕ್ಕೆ ಮುಟ್ಟಿದೆವು. ಅಂಗಳದಲ್ಲಿ ಜಗಳ ನಡೆದಿತ್ತು. ಜಗುಲಿಯ ಚಾಪೆಯ ಮೇಲೆ ಮನುಷ್ಯನನ್ನು ಮಲಗಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ತಲೆಯ ಮೇಲೆ ಗಂಟು ಹಾಕಿಯಾಗಿತ್ತು. ಎಂದರೆ, ನಾವು ಬರುವುದರೊಳಗೆ ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದ್ದರು. ಅವನ ಹೆಸರು ಇನಾಸ, ಬಡಗಿ. ಜಗಳ ನಡೆದದ್ದು ಅವನ ಹೆಂಡತಿಯ ತಮ್ಮನಿಗೂ ಊರಿನ ಚಿಕ್ಕ ಚರ್ಚಿನ ಗಂಟೆ ನೋಡಿಕೊಳ್ಳುವ ಮುದುಕನಿಗೂ. ಪವಿತ್ರ ಗುರುವಾರದಿಂದ ಈಸ್ಟರ್ ಜಾಗರಣೆಯ ಪೂಜೆಯವರೆಗೆ ಕ್ಯಾಥೊಲಿಕರು ಗಂಟೆ ಬಾರಿಸುವುದಿಲ್ಲ. ಹಲಗೆಗೆ ಮರದ ಸುತ್ತಿಗೆ ಬಡಿದು ಸದ್ದು ಮಾಡುತ್ತಾರೆ. ಇದು ನನಗೆ ಆಮೇಲೆ ತಿಳಿಯಿತು. ಆಗ ಕಿವಿಗೆ ಬಿದ್ದದ್ದು ಇಷ್ಟು:

"ಮನಷ್ಯಾ ಸತ್ತಾನ, ಗಂಟಿ ಬಾರಿಸೂದಿಲ್ಲಂದ್ರ ಹೆಂಗ?"

"ಯೇಸುಸ್ವಾಮಿಗೇ ಇವತ್ತ ಗಂಟಿ ಇಲ್ಲೋ. ನಿಮ್ಮ ಮಾಮಾಗ ಎಲ್ಲಿಂದ ತರೂಣು? ಬೇಕಾದ್ರ ಕಟ್ಟಿಗಿ ಬಡಿತೇನಿ."

"ಕಟ್ಟಿಗಿ ಬಡದು ಓಡಿಸಾಕ ನಮ್ಮ ಮಾಮಾ ಏನ್ ಮಂಗ್ಯಾ ಏನು?"

ಈ ಗದ್ದಲದಲ್ಲಿ ನಾನು ಮಂಡಿಯೂರಿದೆ. ಕಣ್ಣಿಗೆ ಟಾರ್ಚ್ ಬಿಟ್ಟೆ, ಪಾಪೆ ಕುಗ್ಗಲಿಲ್ಲ. ಎದೆ ಏರಿಳಿಯುತ್ತಿರಲಿಲ್ಲ. ಕುತ್ತಿಗೆಯ ಪಕ್ಕದ ಕೆರೋಟಿಡ್ ನಾಡಿಯ ಮೇಲೆ ಬೆರಳಿಟ್ಟೆ. ಎಷ್ಟು ಹೊತ್ತು ಇಟ್ಟೆ? ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಹತ್ತು ಸೆಕೆಂಡು ಇಡಬೇಕು ಎಂದು ಕಾಲೇಜಿನಲ್ಲಿ ಬರೆದು ಪಾಸಾದವಳು ನಾನು. ಯಾರನ್ನೂ ಸತ್ತರೆಂದು ಹೇಳುವ ಅಧಿಕಾರವೂ ನನಗಿಲ್ಲ, ಅದು ವೈದ್ಯರದು. ಆದರೂ ತಿರುಗಿ, ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ: "ದಾವಲಣ್ಣ, ಸ್ಟ್ರೆಚರ್ ಬ್ಯಾಡ. ಹೋಗ್ಯಾರ ಇವರು."

ಆ ಕ್ಷಣವನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಹಿಂದಕ್ಕೆ ಓಡಿಸಿ ನೋಡುತ್ತೇನೆ. ಕೆಲವು ಸಲ ಅದರಲ್ಲಿ ನಾನು ಅವನನ್ನು ಅಲ್ಲೇ ಬಿಟ್ಟು ಎದ್ದು ಗಾಡಿ ಹತ್ತಿಬಿಡುತ್ತೇನೆ.

ಹೆಂಡತಿ ಕಾತ್ರಿನ ಅಳುತ್ತಲೇ ಇದ್ದಳು. "ಮುಂಜಾನೆ ಎದ್ದು ಹೊಟ್ಟಿ ಹಿಂಡತೈತಿ ಅಂದ್ರು. ಆಮ್ಯಾಲ ರೆಪ್ಪಿ ಎತ್ತಾಕ ಆಗವಲ್ದು, ನೀರು ನುಂಗಾಕ ಆಗವಲ್ದು ಅಂದ್ರು. ಸೆಕಿ ಅಂತ ನೆಲದ ಮ್ಯಾಲ ಮಲಗಿದ್ರು ಸಿಸ್ಟರ್, ಮಂಚದ ಮ್ಯಾಲ ಮಲಗ್ರಿ ಅಂದ್ರ ಕೇಳಲಿಲ್ಲ..."

ನೆಲದ ಮೇಲೆ ನಿದ್ದೆ, ನಸುಕಿನ ಹೊಟ್ಟೆನೋವು, ಎತ್ತಲಾಗದ ರೆಪ್ಪೆ. ಕಟ್ಟುಹಾವು! ಕಪ್ಪು ಮೈಗೆ ಬಿಳಿ ಪಟ್ಟೆಯ ಈ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ; ಕಚ್ಚಿದರೆ ನೋವೂ ಆಗುವುದಿಲ್ಲ, ಬಾವೂ ಬರುವುದಿಲ್ಲ. ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸುದ್ದಿಯನ್ನು ತಡೆಯುತ್ತದೆ. ರೆಪ್ಪೆ, ನಾಲಗೆ, ಕೈಕಾಲು, ಕೊನೆಗೆ ಉಸಿರಿನ ಸ್ನಾಯು, ಒಂದೊಂದಾಗಿ ಸುಮ್ಮನಾಗುತ್ತವೆ. ನೋಡುವವರಿಗೆ ಹೆಣ. ಒಳಗೆ ಮನುಷ್ಯ ಎಚ್ಚರವಾಗಿರುತ್ತಾನೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ.

ಮತ್ತೆ ಬೆರಳಿಟ್ಟೆ. ಈ ಸಲ ಹತ್ತು ಎಣಿಸಿದೆ. ಆರಕ್ಕೆ, ದೂರದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಒಂದು ಬಡಿತ. ಎಂಟಕ್ಕೆ ಇನ್ನೊಂದು. ಕಣ್ಣಿಗೆ ಕಾಣದಷ್ಟು ಉಸಿರು ಇನ್ನೂ ಉಳಿದಿತ್ತು.

ಗದ್ದದ ಬಟ್ಟೆ ಕಿತ್ತೆಸೆದು ಅಂಬು ಬ್ಯಾಗ್ ಹಚ್ಚಿದೆ. ಮುಖವಾಡಕ್ಕೆ ಜೋಡಿಸಿದ ರಬ್ಬರಿನ ಚೀಲ ಅದು; ಐದು ಸೆಕೆಂಡಿಗೊಮ್ಮೆ ಒತ್ತಿದರೆ ರೋಗಿಯ ಎದೆಗೆ ಗಾಳಿ ಹೋಗುತ್ತದೆ. "ಕೈ ಗಟ್ಟಿ ಇರೋರು ಒಬ್ರು ಬರ್ರಿ!" ಎಂದು ಕೂಗಿದೆ. ಗಂಟೆಗಾಗಿ ಗುದ್ದಾಡುತ್ತಿದ್ದ ಭಾವಮೈದುನ ಎರಡು ಹೆಜ್ಜೆ ಹಿಂದೆ ಸರಿದ. ಬೇಲಿಯ ಆಚೆ ಅಷ್ಟು ಹೊತ್ತೂ ಒಬ್ಬನೇ ನಿಂತಿದ್ದ ದಪ್ಪನೆಯ ಮನುಷ್ಯ ಬೇಲಿ ಹಾರಿ ಬಂದು ಸ್ಟ್ರೆಚರಿನ ತುದಿ ಹಿಡಿದ. ಕಾತ್ರಿನ ಅವನನ್ನು ನೋಡಿ ಅಳು ನಿಲ್ಲಿಸಿದಳು. ಅವನು ಇನಾಸನ ಚಿಕ್ಕಪ್ಪನ ಮಗ ಬಸ್ತ್ಯಾಂವ. ಆ ಅಂಗಳಕ್ಕೆ ಕಾಲಿಟ್ಟು ಎರಡು ವರ್ಷವಾಗಿತ್ತಂತೆ.

ಕಾತ್ರಿನ ಜಪಮಣಿ ಹಿಡಿದು ಮುಂದೆ ಕುಳಿತಳು, ಬಸ್ತ್ಯಾಂವ ಹಿಂದೆ ನನ್ನ ಜೊತೆ. "ಸಿಸ್ಟರ್, ನೀವು ಚೀಲ ಒತ್ರಿ, ನಾ ಎಕ್ಸಲೇಟರ್ ಒತ್ತತೇನಿ" ಎಂದರು ದಾವಲಣ್ಣ. ದಾಂಡೇಲಿಗೆ ಒಂದು ಗಂಟೆ ಐದು ನಿಮಿಷ. ಅಲ್ಲಿ ವೈದ್ಯರು ಗಂಟಲಿಗೆ ಕೊಳವೆ ಇಳಿಸಿದರು, ಹಾವಿನ ವಿಷಕ್ಕೆ ಕೊಡುವ ಆ್ಯಂಟಿವೆನಮ್ ಹತ್ತು ಸೀಸೆ ಏರಿಸಿದರು, ವೆಂಟಿಲೇಟರಿಗಾಗಿ ಧಾರವಾಡಕ್ಕೆ ಹೊರಡಲು ಹೇಳಿದರು. ಅಷ್ಟರಲ್ಲಿ ನನ್ನ ಎರಡೂ ಕೈ ಮರಗಟ್ಟಿ, ಬೆರಳು ಮಡಚಲು ಆಗುತ್ತಿರಲಿಲ್ಲ. ಚೀಲವನ್ನು ಬಸ್ತ್ಯಾಂವನ ಕೈಗೆ ಕೊಟ್ಟೆ. ಕೊಳವೆ ಅಲುಗದಂತೆ ಹಿಡಿಯುವುದು ನನ್ನ ಕೆಲಸ.

"ಒಂದರಿಂದ ಐದು ಎಣಿಸ್ರಿ, ಐದಕ್ಕ ಒತ್ರಿ."

ಅವನು ಎಣಿಸಿದ. ಸ್ವಲ್ಪ ಹೊತ್ತಿಗೆ ಎಂಟಕ್ಕೆ ಹೋದ, ಆಮೇಲೆ ಮೂರಕ್ಕೇ ಒತ್ತಿದ. ಗಾಬರಿಯಲ್ಲಿ ಅವನಿಗೆ ಎಣಿಕೆ ನಿಲ್ಲುತ್ತಿರಲಿಲ್ಲ. ನಾನು ಗದರಿದೆ. ಆಗ ಅವನು ಇನಾಸನ ಮುಖ ನೋಡಿ ಬಾಯಿ ತೆರೆದ. ಅವರ ಮನೆಮಾತು ಕೊಂಕಣಿ. ಆದರೆ ಬೈಯಲು ಅವನು ಕನ್ನಡವನ್ನೇ ಆರಿಸಿಕೊಂಡ.

"ಲೇ ಇನಾಸಾ, ಹಸಿ ಕಟ್ಟಿಗಿ ಕಳಿಸಿ ನನ್ನ ಮಾನಾ ತಗದೆಲ್ಲೋ!" ಒತ್ತಿದ.

"ಫಾದರ್ ಕಣ್ಣಾಗ ಹೊಗಿ, ನೀ ಹಿಂದ ನಿಂತು ಹಲ್ಲು ಕಿಸದಿ!" ಒತ್ತಿದ.

"ಈಗ ಕಿಸಿ ನೋಡೂಣು, ಕಿಸಿ!" ಒತ್ತಿದ.

ಗಡಿಯಾರ ನೋಡಿದೆ. ಅವನ ಒಂದು ಬೈಗುಳಕ್ಕೆ ಸರಿಯಾಗಿ ಐದು ಸೆಕೆಂಡು. ಇನಾಸನ ಬೆರಳಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ಆಮ್ಲಜನಕದ ಅಂಕಿ ತೊಂಬತ್ತಾರಕ್ಕೆ ಏರಿ ನಿಂತಿತು.

ಜಗಳದ ಮೂಲ ಹೀಗೆ ತಿಳಿಯಿತು. ಈಸ್ಟರ್ ಜಾಗರಣೆಯಲ್ಲಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ ಬೆಳಗಿಸಿ ಒಳಗೆ ಒಯ್ಯುತ್ತಾರೆ. ಎರಡು ವರ್ಷದ ಹಿಂದೆ ಬೆಂಕಿಯ ಹೊಣೆ ಬಸ್ತ್ಯಾಂವನದು, ಕಟ್ಟಿಗೆ ಕೊಟ್ಟವನು ಇನಾಸ. ಬೆಂಕಿ ಹತ್ತಲಿಲ್ಲ. ಫಾದರ್ ಕೆಮ್ಮಿದರು, ಊರು ನಕ್ಕಿತು, ಮಾತು ನಿಂತಿತು. ಕ್ರಿಸ್ತ ಎದ್ದ ಹಬ್ಬದ ಬೆಂಕಿಗಾಗಿ ಇಬ್ಬರು ಅಣ್ಣತಮ್ಮಂದಿರು ಎರಡು ಈಸ್ಟರ್ ಮುಖ ತಿರುಗಿಸಿ ಕಳೆದಿದ್ದರು.

ಇನಾಸನಿಗೆ ಇದೆಲ್ಲ ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ಬಸ್ತ್ಯಾಂವನಿಗೆ ಹೇಳಲಿಲ್ಲ. ಹೇಳಿದರೆ ಬೈಗುಳ ನಿಲ್ಲುತ್ತಿತ್ತು, ಬೈಗುಳ ನಿಂತರೆ ಎಣಿಕೆ ತಪ್ಪುತ್ತಿತ್ತು. ಆದರೆ ಅದೇ ಹೊತ್ತಿಗೆ ಇನ್ನೊಂದು ಹೊಳೆಯಿತು: ಇದು ಕೇಳಿಸಿದರೆ, ಅಂಗಳದಲ್ಲಿ ನಾನು ಆಡಿದ ಮಾತೂ ಕೇಳಿಸಿದೆ.

ಹಳಿಯಾಳ ದಾಟಿದ ಮೇಲೆ ಬೈಗುಳ ತೀರಿದವು. ಚೀಲ ನಿಂತಿತು. ತೊಂಬತ್ತಾರು ಎಂಬತ್ತೆಂಟಾಯಿತು, ಎಂಬತ್ತೊಂದಾಯಿತು.

"ಬಸ್ತಪ್ಪಾ, ಬೈಯಾಕ ಏನೂ ಉಳೀಲಿಲ್ಲೇನೋ? ನನ್ನರ ಬೈಯೋ, ಧಾರವಾಡ ಇನ್ನೂ ದೂರ ಐತಿ!" ಎಂದು ಮುಂದಿನಿಂದ ದಾವಲಣ್ಣ ಕೂಗಿದರು.

ಬಸ್ತ್ಯಾಂವ ಮೂಗು ಒರೆಸಿಕೊಂಡ. ಈ ಸಲ ಮಾತು ಮೆತ್ತಗೆ ಬಂತು. "ಕಟ್ಟಿಗಿ ಹಸಿ ಐತಂತ ನಂಗೂ ಗೊತ್ತಿತ್ತೋ." ಒತ್ತಿದ. "ಮಧ್ಯಾಹ್ನನ ಮುಟ್ಟಿ ನೋಡಿದ್ದೆ." ಒತ್ತಿದ. "ಬ್ಯಾರೆ ತರೂದು ಬ್ಯಾಸರಾತು. ನಿನ್ನ ಮ್ಯಾಲ ಹಾಕಿದೆ." ಒತ್ತಿದ. "ನೀ ಬಡಗಿ, ಎಲ್ಲಾರೂ ನಂಬಿದ್ರು." ಒತ್ತಿದ. ಮುಂದಿನ ದಾರಿಯೆಲ್ಲ ಅವನು ಅದನ್ನೇ ತಿರುಗಿ ತಿರುಗಿ ಹೇಳಿದ. ಮಧ್ಯಾಹ್ನ ಒಂದು ಗಂಟೆ ಹತ್ತಕ್ಕೆ ಧಾರವಾಡದ ಆಸ್ಪತ್ರೆಯವರು ಇನಾಸನನ್ನು ವೆಂಟಿಲೇಟರಿಗೆ ಹಾಕಿದರು. ಬಸ್ತ್ಯಾಂವನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು.

ಮರುದಿನ ಈಸ್ಟರ್ ಆರಾಧನೆ ಮುಗಿಸಿ, ಅವ್ವನ ಕೇಕಿನ ತುಂಡು ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಇನಾಸ ಕದಲಿರಲಿಲ್ಲ. ಬೆಳಗ್ಗೆ ಸಭೆಯ ಜೊತೆ "ಆತನು ಎದ್ದಿದ್ದಾನೆ" ಎಂದು ನಾನೂ ಗಟ್ಟಿಯಾಗಿ ಹೇಳಿ ಬಂದಿದ್ದೆ, ಐ.ಸಿ.ಯು.ವಿನ ಗಾಜಿನ ಹೊರಗೆ ನಿಂತಾಗ ಆ ಮಾತು ನಾಲಗೆಗೆ ಬರಲಿಲ್ಲ. ಕಾತ್ರಿನ ಮತ್ತು ಬಸ್ತ್ಯಾಂವ ಒಂದೇ ಬೆಂಚಿನಲ್ಲಿ ಕುಳಿತು ಕೇಕನ್ನು ಹಂಚಿಕೊಂಡರು. "ಇವತ್ತ ಹಬ್ಬ ಸಿಸ್ಟರ್, ಅಳಬಾರದು" ಎಂದು ಕಾತ್ರಿನ ನನಗೇ ಹೇಳಿದಳು. ಗಂಡ ಎದ್ದಿಲ್ಲ, ಏಳುತ್ತಾನೆಂದು ಯಾರೂ ಮಾತು ಕೊಟ್ಟಿಲ್ಲ; ಆದರೂ ಅವಳು ಹಬ್ಬವನ್ನು ಮುಂದೂಡಲಿಲ್ಲ.

ಇನಾಸನ ಹೆಬ್ಬೆರಳು ಅಲುಗಿದ್ದು ಸೋಮವಾರ ಮಧ್ಯಾಹ್ನ. ಊರಿಗೆ ಹೋದ ಸುದ್ದಿ ಮಾತ್ರ ಭಾನುವಾರ ಬೆಳಗ್ಗೆ ಎಂದು. ಕಾತ್ರಿನಳ ತಮ್ಮನ ಕೆಲಸ ಅದು.

ಮೂರು ವಾರದ ಮೇಲೆ ಇನಾಸ, ಕಾತ್ರಿನ, ಬಸ್ತ್ಯಾಂವ ಮೂವರೂ ನಮ್ಮ ಗಾಡಿ ನಿಲ್ಲುವ ಜಾಗಕ್ಕೆ ಒಂದು ಹಲಸಿನ ಹಣ್ಣು ಹೊತ್ತು ಬಂದರು. ಇನಾಸನ ದನಿ ಇನ್ನೂ ಒಡಕಾಗಿತ್ತು, ಬಾಯಿ ಮಾತ್ರ ಜೋರು.

"ನಂಗ ಗಂಟಿ ಬಾರಿಸೂದೋ ಕಟ್ಟಿಗಿ ಬಡಿಯೂದೋ ಅಂತ ಜಗಳಾ ಹಚ್ಚಿದ್ರಲ್ರಿ, ಎದ್ದು ಇಬ್ರಿಗೂ ಎರಡೆರಡು ಬಿಡಬೇಕು ಅನಿಸಿತ್ತು. ಕೈ ಏಳವಲ್ದು! ಮತ್ತ ಇವ, ದಾಂಡೇಲಿಂದ ಹಳಿಯಾಳತನಾ ನಮ್ಮಪ್ಪನ್ನೂ ಬಿಡಲಿಲ್ಲ."

"ಎಲ್ಲಾ ಕೇಳಿಸಿತ್ತೇನೋ?" ಬಸ್ತ್ಯಾಂವನ ಮುಖ ಬಿಳಿಚಿತು.

"ಹಳಿಯಾಳ ಆದಮ್ಯಾಲಿಂದೂ ಕೇಳಿಸೇತಿ. ನಾ ಸತ್ತೇನಂತ ತಿಳಕೊಂಡು ಖರೇ ಹೇಳಿದಿ. ಜೀವಂತ ಇರೋರಿಗೂ ಹೇಳೂದು ಕಲಿ."

ದಾವಲಣ್ಣ ಹಲಸಿನ ಹಣ್ಣಿನ ಮೇಲೆ ಬಗ್ಗಿ ನಕ್ಕರು. ನಾನು ನಗಲಿಲ್ಲ. ಇನಾಸನನ್ನು ಪಕ್ಕಕ್ಕೆ ಕರೆದು, "ನಂದೂ ಕೇಳಿಸಿತ್ತೇನ್ರಿ?" ಎಂದೆ.

"ಕೇಳಿಸಿತ್ರಿ. ಅದರಷ್ಟು ಅಂಜಿಕಿ ಹಾವಿಂದೂ ಆಗಿರಲಿಲ್ಲ. ಮುಗೀತು ಅಂದಕೊಂಡೆ. ಆಮ್ಯಾಲ ನಿಮ್ಮ ಕೈ ತಿರುಗಿ ಬಂತು. ಶನಿವಾರ ಎಲ್ಲಾರೂ ಮುಗೀತು ಅಂತನ ಅಂದಿದ್ರಲ್ರಿ ಸಿಸ್ಟರ್, ಯೇಸುಸ್ವಾಮಿ ಜೋಡಿ ಇದ್ದೋರು ಸುದ್ದಾ. ಅಂದವ್ರನ್ನ ಅಂವ ಬಿಟ್ಟನೇನು? ಎದ್ದಮ್ಯಾಲ ಅವರ ಹಂತೇಕನ ಮೊದ್ಲ ಬಂದ."

ಊರವರು ತನಗೆ ಪುನರುತ್ಥಾನ ಆಯಿತು ಎಂದರೆ ಇನಾಸ ಒಪ್ಪುವುದಿಲ್ಲ. ತಾನು ಸತ್ತೇ ಇರಲಿಲ್ಲ, ಇನ್ನು ಮುಂದೆ ಸಾಯುವವನು; ಕ್ರಿಸ್ತ ಎದ್ದದ್ದು ಮತ್ತೆ ಸಾಯದ ಜೀವಕ್ಕೆ, ಎರಡನ್ನೂ ಕಲಸಬೇಡಿ ಎಂದು ಜಗಳಕ್ಕೇ ನಿಲ್ಲುತ್ತಾನೆ. ಅವನು ಹೇಳುವುದು ಸರಿ. ಹತ್ತು ಎಣಿಸಿದರೂ, ಇಪ್ಪತ್ತು ಎಣಿಸಿದರೂ ಬೆರಳಿಗೆ ಏನೂ ಸಿಗದ ಕುತ್ತಿಗೆಗಳನ್ನು ಆಮೇಲೆ ಮುಂಡಗೋಡಿನ ಕಡೆ ಕೆಲಸ ಮಾಡುವಾಗ ಎಷ್ಟೋ ಮುಟ್ಟಿದ್ದೇನೆ. ಈಸ್ಟರ್ ಎಂದರೆ ನನ್ನ ರೋಗಿಗಳೆಲ್ಲ ಕಣ್ಣು ಬಿಡುತ್ತಾರೆ ಎಂದಾಗಿದ್ದರೆ, ನನ್ನ ನಂಬಿಕೆ ಅಲ್ಲಿನ ಮೊದಲ ವರ್ಷವೇ ತೀರಿಹೋಗುತ್ತಿತ್ತು.

ಈ ಕೆಲಸ ನನಗೆ ಕಲಿಸಿದ್ದು ಬೇರೆ. ಸಾವಿನದು ಕೊನೆಯ ಮಾತಲ್ಲ ಎಂದು ನಂಬುವವಳು ಆ ಕೊನೆಯ ಮಾತನ್ನು ತಾನೇ ಅವಸರದಲ್ಲಿ ಆಡಬಾರದು. ಭಾನುವಾರ ಕಾಣದಿದ್ದರೂ ಶನಿವಾರದ ಚೀಲ ಒತ್ತುತ್ತಿರಬೇಕು. ಈಗ ನಾನು ಯಾರ ಕುತ್ತಿಗೆಯ ಮೇಲೆ ಕೈ ಇಟ್ಟರೂ ಮೊದಲು ಅವರ ಹೆಸರು ಕೇಳಿಕೊಂಡು, ಹೆಸರು ಹಿಡಿದು ಕರೆಯುತ್ತೇನೆ. ಪೂರ್ತಿ ಹತ್ತು ಎಣಿಸುತ್ತೇನೆ. ಏನೂ ಸಿಗದಿದ್ದರೆ ಕೈ ತೆಗೆಯುವ ಮುಂಚೆ, ನಾಳೆ ಸಿಗುವವರಿಗೆ ಹೇಳುವ ಹಾಗೆ, "ಬರ್ತೇನ್ರಿ" ಎನ್ನುತ್ತೇನೆ.