ಹುಣಸೆಹುಳಿಯಲ್ಲಿ ತೊಳೆದ ಬಂದೂಕು

ನಮ್ಮ ಮಾವನವರು ತಾಂಡೂರಿನ ಹತ್ತಿರದ ಒಂದು ಊರಿಗೆ ಪಟೇಲರು. ನಿಜಾಮರ ಕಾಲದ ಪಟೇಲಕಿ ಎಂದರೆ ಮಾತಿಗೆ ತೂಕ ಜಾಸ್ತಿ, ಮೀಸೆಗೂ ಜಾಸ್ತಿ. ನಾನು ಜಹೀರಾಬಾದಿನಿಂದ ಸೊಸೆಯಾಗಿ ಬಂದ ವರ್ಷ ಅವರು ನಾರಾಯಣಖೇಡದ ವ್ಯಾಪಾರಿಯೊಬ್ಬನಿಂದ ಜೋಡುನಳಿಗೆಯ ಬಂದೂಕು ಕೊಂಡರು. ವಿಲಾಯತಿಯ ಹೊಸ ಮಾಲು, ಅವ್ವಲ್ ದರ್ಜೆಯದು ಎಂದು ಅವನು ಇವರಿಗೆ ಹೇಳಿದ್ದ. ಇವರು ಊರಿಗೆಲ್ಲ ಹೇಳಿದರು. ಲಿಂಗ ಕಟ್ಟಿದ ಮನೆ, ಬೇಟೆ ಗೀಟೆ ಇಲ್ಲ. ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಬೇಕು, ದಸರೆಯ ದಿನ ಬನ್ನಿಗಿಡದ ಹತ್ತಿರ ಆಕಾಶಕ್ಕೆ ಗುಂಡು ಹಾರಿಸಬೇಕು, ಅಷ್ಟೇ. ಮೊದಲ ಗುಂಡು ದಸರೆಗೇ ಎಂದು ಹೈದರಾಬಾದಿನಿಂದ ಹೊಸ ಮದ್ದು ತುಂಬಿದ ತೋಟಾಗಳನ್ನೂ ತರಿಸಿದ್ದರು.

ಆಯುಧಪೂಜೆಗೆ ಮುಂಚೆ ನಮ್ಮತ್ತೆ ತಾಮ್ರದ ಕೊಡ, ಹಿತ್ತಾಳೆಯ ಚರಿಗೆ ತಿಕ್ಕಿದ ಕೈಯಲ್ಲೇ ಬಂದೂಕನ್ನೂ ಎಳೆದುಕೊಂಡರು. ಹುಣಸೆಹುಳಿ ಮೆತ್ತಿ ನೆನೆಯಲು ಬಿಟ್ಟು, ಬೂದಿ ಹಾಕಿ ತಿಕ್ಕಿದರು. ನಳಿಗೆಗಳ ಕಪ್ಪು ಬಣ್ಣ ಹೋಗಿ ಉದ್ದಕ್ಕೂ ಸುರುಳಿ ಸುರುಳಿ ಪಟ್ಟೆಗಳು ಎದ್ದವು.

"ಬಂದೂಕಂದ್ರ ಚರಗಿ ಅಂತ ತಿಳದಿಯೇನ?" ಮಾವ ಕೂಗಾಡಿದರು.

"ದೇವರ ಮುಂದ ಇಡೋದು, ಹೊಲಸ ಇಡಬೇಕೇನ್ರಿ?" ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು. ನನಗೆ ಮಾವನ ಮೇಲೆ ಕೆಂಡದಂಥ ಸಿಟ್ಟು ಬಂತು. ಹೊಸ ಸೊಸೆ, ಏನು ಮಾಡಲಿ, ಬಾಯಿಗೆ ಸೆರಗು ಒತ್ತಿಕೊಂಡೆ.

ಬಣ್ಣ ಮರಳಿ ಹಾಕಿಸುವ ದಾರಿ ಕೇಳಲು ಮಾವ ತಮ್ಮ ಗೆಳೆಯರೊಬ್ಬರನ್ನು ಕರೆಸಿದರು. ಜಾಗೀರದಾರರ ಜೊತೆ ಶಿಕಾರಿಗೆ ಕಾಡು ಸುತ್ತಿದ ಹಿರಿಯ ಸಾಹೇಬರು. ಅವರು ನಳಿಗೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಕಲೆ ಅಲ್ರಿ ಪಟೇಲ ಸಾಬ್. ಕಬ್ಬಿಣ, ಉಕ್ಕು ಎರಡರ ಪಟ್ಟಿ ಕೂಡಿಸಿ, ತಿರುವಿ ಬಡದು ಮಾಡಿದ ನಳಿಗಿ. ನಮ್ಮ ಅಬ್ಬಾನ ಕಾಲದ್ದು. ಹೊಸಾದು ಕಾಣ್ಲಿ ಅಂತ ಯಾರೋ ಕರೇ ಬಣ್ಣ ಹಚ್ಚ್ಯಾರ." ಬಂದೂಕು ಮಡಿಸಿ ನಳಿಗೆಯ ಅಡಿಯ ಗುರುತುಗಳನ್ನು ನೋಡಿದರು. "ಹಳೇ ಕರೇ ಮದ್ದು ತಡೀತದ ಅಂತ ಪರೀಕ್ಷೆ ಮಾಡಿ ಒತ್ತಿದ ಮುದ್ರಿ ಅದ, ಹೊಸ ಜೋರ ಮದ್ದಿಂದು ಇಲ್ಲ. ನೀವು ತಂದ ತೋಟಾ ಹಾಕಿದ್ರ ಒಡದು ಕೈ ಹೋಗ್ತದ."

"ದರ್ಜಾ?" ಮಾವ ಮೆಲ್ಲಗೆ ಕೇಳಿದರು.

ಸಾಹೇಬರಿಗೆ ಹೇಳಲು ಮನಸ್ಸಿರಲಿಲ್ಲ. "ಅವ್ವಲ್ ಇದ್ರ ಪಟ್ಟಿ ಸಣ್ಣ ಇರತಾವ, ಕೆತ್ತನಿ ತುಂಬ ಇರತದ. ಇದು ಮಧ್ಯಮ."

ಆದರೂ ದಸರೆಯ ಸಂಜೆ ಮಾವ ಬಂದೂಕು ಹೆಗಲಿಗೇರಿಸಿ, ತೋಟಾಗಳನ್ನು ಕಿಸೆಗೆ ಹಾಕಿಕೊಂಡರು.

"ಹಾರಸಬ್ಯಾಡ್ರಿ," ಎಂದರು ಅತ್ತೆ.

"ಊರಿಗೆಲ್ಲ ಹೇಳೀನಿ. ಒಂದ ಗುಂಡಿಗೆ ಏನಾಗ್ತದ?" ಎನ್ನುತ್ತಾ ಹೊರಟೇಬಿಟ್ಟರು.

ಹೊಸ್ತಿಲ ಮೇಲೆ ಕೂತರೆ ನಮ್ಮನ್ನು ಗದರಿಸುತ್ತಿದ್ದ ಅತ್ತೆ ಅಂದು ಅಲ್ಲೇ ಕುಳಿತುಬಿಟ್ಟರು. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು ಎಂದರೂ ಏಳಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದರೆ ಬೆಚ್ಚಿಬಿದ್ದರು. ಮೀಸೆ ಹಾಳಾಗಿ ಹೋಗಲಿ, ಮನುಷ್ಯ ನೆಟ್ಟಗೆ ಮನೆಗೆ ಬರಲಿ ಎಂದು ನಾನೂ ಶಿವನನ್ನು ಬೇಡಿಕೊಂಡೆ.

ಬನ್ನಿ ಮುಡಿದ ಮಂದಿ ಹಿಂಡುಹಿಂಡಾಗಿ ಮರಳಿದರು. ಗುಂಡಿನ ಸದ್ದು ಕೇಳಿಸಲೇ ಇಲ್ಲ. ಎಲ್ಲರಿಗಿಂತ ಹಿಂದೆ ಮಾವ ಬಂದರು, ಮುಖ ಬಾಡಿತ್ತು.

"ಮೋಸ ಹೋಗೀನಿ ಅಂತ ಎಲ್ಲರ ಮುಂದ ಹೇಳಿದೆ. ನಕ್ಕರು," ಎಂದರು. ಆಮೇಲೆ ಬನ್ನಿಯ ಎಲೆಗಳನ್ನು ಎರಡೂ ಕೈಯಲ್ಲಿ ಹಿಡಿದು, "ಬಂಗಾರ ತಗೋ," ಎಂದು ಅತ್ತೆಯ ಮುಂದೆ ಚಾಚಿದರು.

ಸೊಸೆ ನಿಂತಿದ್ದಾಳೆ ಎಂಬುದೂ ಅತ್ತೆಗೆ ನೆನಪಾಗಲಿಲ್ಲ. ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತುಬಿಟ್ಟರು. ಎಲೆಗಳು ನೆಲಕ್ಕೆ ಬಿದ್ದವು.