ಏಳನೇ ತಿಂಗಳ ಗಾಳಿ

ನಮ್ಮತ್ತೆಯನ್ನು ಕೇಳದೆ ಕಮಲಾಪುರದ ನಮ್ಮ ಓಣಿಯವರು ಯಾರೂ ಜೋಳ ತೂರುತ್ತಿರಲಿಲ್ಲ. ನಸುಕಿನಲ್ಲಿ ಒಲೆ ಹಚ್ಚಿ ಅಂಗಳಕ್ಕೆ ಬಂದು, ಹೊಗೆ ಎತ್ತ ವಾಲುತ್ತದೆಂದು ನೋಡುವಳು. ಆಮೇಲೆ ಕೆನ್ನೆಗೆ ನೀರು ಸವರಿಕೊಂಡು ಕಣ್ಣು ಮುಚ್ಚಿ ನಿಲ್ಲುವಳು. "ಮೂಡಗಾಳಿ ಅದ, ಉಣ್ಣೂ ಹೊತ್ತಿಗೆ ಸಾಯ್ತದ" ಎಂದರೆ ಸತ್ತೇ ಹೋಗುತ್ತಿತ್ತು. "ಪಡುಗಾಳಿ ಹಿಡದದ, ಏಳ್ರೀ" ಎಂದರೆ ಗಂಡಸರು ಮೂರು ಕಾಲಿನ ಎತ್ತರದ ಮಣೆ ಹೊತ್ತು ಕಣಕ್ಕೆ ಓಡುವರು. ಮಣೆ ಹತ್ತಿ ಬುಟ್ಟಿಯಿಂದ ಸುರಿದರೆ ಕಾಳು ಕೆಳಗೆ ಬೀಳುತ್ತಿತ್ತು, ಹೊಟ್ಟು ದೂರ ಹಾರುತ್ತಿತ್ತು.

ಆ ವರ್ಷ ನನಗೆ ಚೊಚ್ಚಲ ಬಸಿರು, ಏಳನೇ ತಿಂಗಳು. ತವರು ಕಲಬುರಗಿಯ ಗಾಜಿಪುರ. ನಿಜಾಮರ ಕಾಲ, ನಮಗೆ ಬಂಡಿಯೇ ಗತಿ. ಹೆರಿಗೆಗೆ ಏಳರಲ್ಲಿ ತವರಿಗೆ ಹೋದರೆ ಹೋದಂತೆ. ಎಂಟರಲ್ಲಿ ಬಸುರಿಯನ್ನು ಬಂಡಿ ಹತ್ತಿಸುವುದಿಲ್ಲ. ಆದರೆ ನಮ್ಮ ಮನೆಯ ಪದ್ಧತಿಯೇ ಬೇರೆ. "ರಾಶಿ ಮನಿ ಸೇರೂತನಾ ಮನಿ ಲಕ್ಷ್ಮಿ ಹೊಸ್ತಿಲ ದಾಟಬಾರದು" ಎಂದುಬಿಟ್ಟಳು ಅತ್ತೆ. ರಾಶಿಗೆ ಗಾಳಿ ಬೇಕು. ಗಾಳಿಯ ಕೀಲಿಕೈ ಅವಳ ಸೊಂಟದಲ್ಲಿ!

ದಿನಾ ಅದೇ ಮಾತು: "ಇದು ಹೊಳ್ಳೂ ಗಾಳಿ. ತೂರಿದ್ರ ಹೊಟ್ಟೆಲ್ಲಾ ತಿರುಗಿ ಕಾಳಿನ್ಯಾಗ ಬೀಳ್ತದ." ನಾನು ಕಣದ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಮಲಗುತ್ತಿದ್ದೆ. ಎಲೆ ಅಲ್ಲಾಡಿದರೆ ಗಾಳಿ ಬಂತೆಂದು ಎದ್ದು ಕೂರುತ್ತಿದ್ದೆ. ಎಲ್ಲೋ ಎತ್ತಿನ ಕೊರಳ ಗಂಟೆ, ಬಿಸಿಲಲ್ಲಿ ಹೊಟ್ಟಿನ ವಾಸನೆ, ಒಳಗೆ ಕೂಸಿನ ಹೊರಳಾಟ. ಕಣ್ಣು ಮುಚ್ಚಿದರೆ ಗಾಜಿಪುರದ ಪಡಸಾಲೆಯಲ್ಲಿರುತ್ತಿದ್ದೆ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಕಣ್ಣು ಬಿಟ್ಟರೆ ತೂರದ ಜೋಳ ಹಾಗೆಯೇ ಬಿದ್ದಿರುತ್ತಿತ್ತು.

ಏಳು ಮುಗಿಯಲು ಐದು ದಿನ ಉಳಿದಾಗ ಪಕ್ಕದ ಕಣದವನು ಬೇಸತ್ತು, ಅತ್ತೆಯ ಮಾತು ಮೀರಿ ಮಣೆ ಹತ್ತಿದ. ಪಡುವಣ ಗಾಳಿ ಸಂಜೆಯವರೆಗೆ ದಿಕ್ಕು ಬಿಡಲಿಲ್ಲ. ಅವನ ಜೋಳ ಹಸನಾಗಿ ಮನೆ ಸೇರಿತು. ನಮ್ಮದು ಮಾತ್ರ ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. ನೇರ ಹೋಗಿ ಕೇಳಿದೆ: "ಅತ್ತಿ, ಗಾಳಿ ಸುಳ್ಳು ಹೇಳಾಕತ್ತದೋ, ನೀವು ಹೇಳಾಕತ್ತೀರೋ?"

ಅವಳು ಬೈಯಲಿಲ್ಲ. ಹೊಟ್ಟಿನ ಮೇಲೇ ಕುಸಿದು ಕುಳಿತಳು.

"ನಾನೇ ಹೇಳೀನವ್ವಾ. ನನ್ನ ಮಗಳು ಬಾಣಂತನಕ್ಕಂತ ನನ್ನ ಕಡೀಗೇ ಬರಾಕತ್ತಿದ್ಳು. ಬಂಡಿ ಕುಲುಕಿ ಕುಲುಕಿ ಹಾದ್ಯಾಗ ಬ್ಯಾನಿ ಬಂತು. ತಾಯಿ, ಕೂಸು, ಇಬ್ರೂ ಉಳೀಲಿಲ್ಲ. ಎಂಟರಾಗ ಬಿದ್ರ ನೀ ಎಲ್ಲೂ ಹೋಗಂಗಿಲ್ಲಲ್ಲ, ಅದಕ್ಕ."

ಅವಳಿಗೊಬ್ಬ ಮಗಳಿದ್ದಳೆಂದೇ ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಶಿವನೇ ಬಲ್ಲ. ಆದರೆ ಅವ್ವ ಬೇಕೆನ್ನುವುದು ಹೋಗಲಿಲ್ಲ. "ನನಗ ನಮ್ಮವ್ವ ಬೇಕ್ರೀ" ಎಂದು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿದಳು.

ಮರುದಿನ ನಸುಕಿಗೆ ಓಣಿಯೆಲ್ಲ ಕೇಳುವಂತೆ ಕೂಗಿದಳು: "ಪಡುಗಾಳಿ! ಏಳ್ರೀ, ಸಂಜೀತನಾ ದಿಕ್ಕ ಬಿಡಂಗಿಲ್ಲ!" ಎರಡು ದಿನದಲ್ಲಿ ರಾಶಿ ಮನೆ ಸೇರಿತು.

ಮೂರನೇ ದಿನ ಬಂಡಿ ಹೊರಟಿತು. ನನ್ನ ಗಂಡ ಹೊಡೆಯುತ್ತಿದ್ದರು. ಅತ್ತೆ ಬಂಡಿ ಹತ್ತಲೇ ಇಲ್ಲ. ಮುಂದೆ ಮುಂದೆ ನಡೆದು, ಗಾಲಿ ಹರಿಯುವ ಜಾಡಿನಿಂದ ಒಂದೊಂದೇ ಕಲ್ಲು ಹೆಕ್ಕಿ ಆಚೆ ಎಸೆಯುತ್ತಿದ್ದಳು. ನಡುನಡುವೆ ತಿರುಗಿ ಮಗನನ್ನು ಗದರುವಳು: "ಹಳೂ ಹೊಡಿಯೋ! ಹೊಟ್ಯಾಗ ಹೊತ್ತಾಕಿ ನೀ ಏನು?" ಎರಡು ದಿನದ ದಾರಿ ಹೀಗೆಯೇ ಸಾಗಿತು.

ಗಾಜಿಪುರದ ಬಾಗಿಲಲ್ಲಿ ಅವ್ವ ಕಾಲಿಗೆ ನೀರು ತಂದಳು. ಅತ್ತೆ ಕಾಲು ತೊಳೆದು ಕಟ್ಟೆಯ ಮೇಲೆ ಕುಳಿತಳು. "ಮುಂದ ನಿಮ್ಮ ಪಾಳಿ ರೀ, ಬೀಗತಿ. ನಾ ಇಲ್ಲೇ ಕೂಡ್ತೀನಿ" ಎಂದಳು. ಬೀಗರ ಮನೆಯಲ್ಲಿ ಎರಡನೇ ಹೊತ್ತು ಉಣ್ಣುವುದೇ ನಾಚಿಕೆಗೇಡು ಎನ್ನುತ್ತಿದ್ದ ಹೆಂಗಸು, ನನ್ನ ಮಗಳು ಅತ್ತ ಸದ್ದು ಕಿವಿಗೆ ಬೀಳುವವರೆಗೆ, ಎರಡು ತಿಂಗಳು, ಆ ಕಟ್ಟೆ ಬಿಟ್ಟು ಊರಿಗೆ ಹೋಗಲಿಲ್ಲ.